ಅಟ್ಟದಿಂದಿಳಿದ ಸ್ಪೆಕ್ಟ್ರಮ್: ಹಳೆಯದನ್ನು ಉಳಿಸಿ, ಪ್ರಯೋಗ ಹೊಸ ಬೋರ್ಡಿನ ಮೇಲೆ ಮಾಡಿ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಅಟ್ಟ ಖಾಲಿ ಮಾಡುವಾಗ ಅಪ್ಪ ಎಂಬತ್ತರ ದಶಕದಲ್ಲಿ ತಂದಿದ್ದ 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಕಂಪ್ಯೂಟರ್ ಸಿಕ್ಕಿತು. ಅಡಾಪ್ಟರ್ ಇಲ್ಲ. ಜೊತೆಗಿದ್ದ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ. ಇದನ್ನು ಮತ್ತೆ ಚಾಲೂ ಮಾಡಲು ಸಾಧ್ಯವೇ? ಒಳಗಿನದೆಲ್ಲ ತೆಗೆದು ಅದೇ ಪೆಟ್ಟಿಗೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಕೂರಿಸಿ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಒಂಬತ್ತನೇ ತರಗತಿಯ ಮಗನಿಗೆ ಇಂಥದೇ ಕಂಪ್ಯೂಟರನ್ನು ತಾನೇ ಕಟ್ಟಬೇಕೆಂಬ ಆಸೆ. ನಮ್ಮಂಥ ಊರಿನಲ್ಲಿ ಕೂತು ಇದೆಲ್ಲ ಆಗುತ್ತದೆಯೇ?

ಉತ್ತರ: ಆಗುತ್ತದೆ. ಆದರೆ ಮೊದಲು ಒಂದು ಕೆಲಸ ಮಾಡಿ: ಮನೆಯಲ್ಲಿರುವ ಯಾವ ಅಡಾಪ್ಟರನ್ನೂ ಅದಕ್ಕೆ ಚುಚ್ಚಬೇಡಿ. ಚುಚ್ಚಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ, ಮಗನಿಗಂತೂ ಖಂಡಿತ ಬರುತ್ತದೆ. ಇಂಟರ್‌ನೆಟ್ ರೂಟರಿನ ಅಡಾಪ್ಟರಿನ ಪಿನ್ನು ಸ್ಪೆಕ್ಟ್ರಮ್‌ನ ತೂತಿಗೆ ಸರಿಯಾಗಿ ಕೂರುತ್ತದೆ, ಅದೇ ತೊಂದರೆ. ರೂಟರಿನದು ಸಾಮಾನ್ಯವಾಗಿ 12 ವೋಲ್ಟ್, ಪಿನ್ನಿನ ಒಳಭಾಗ ಪ್ಲಸ್, ಹೊರಭಾಗ ಮೈನಸ್. ಸ್ಪೆಕ್ಟ್ರಮ್‌ಗೆ ಬೇಕಾದ್ದು 9 ವೋಲ್ಟ್, ಅದೂ ತಿರುಗಾಮುರುಗಾ: ಒಳಗೆ ಮೈನಸ್, ಹೊರಗೆ ಪ್ಲಸ್. ತಪ್ಪು ಅಡಾಪ್ಟರ್ ಚುಚ್ಚಿದರೆ ಸದ್ದಿಲ್ಲದೆ, ಹೊಗೆಯಿಲ್ಲದೆ ಒಳಗಿನ ಟ್ರಾನ್ಸಿಸ್ಟರು, ಅದರ ಹಿಂದೆಯೇ ಮೆಮೊರಿ ಚಿಪ್ಪುಗಳು ಹೋಗಬಹುದು. ನಲವತ್ತು ವರ್ಷ ಅಟ್ಟದಲ್ಲಿ ಬದುಕಿದ್ದು ಅರ್ಧ ಸೆಕೆಂಡಿನಲ್ಲಿ ಸಾಯುವುದು ಹೀಗೆ.

9 ವೋಲ್ಟ್, 2 ಆಂಪಿಯರಿನ ಒಂದು ಎಸ್‌ಎಂಪಿಎಸ್ ಅಡಾಪ್ಟರ್ ಕೊಳ್ಳಿ. ಕಡಿಮೆಯೆಂದರೂ 1.4 ಆಂಪಿಯರ್ ಇರಲೇಬೇಕು. ಗಿಟಾರಿನ ಪೆಡಲ್‌ಗೆ ಕೊಡುವ 9 ವೋಲ್ಟಿನ ಅಡಾಪ್ಟರಿನಲ್ಲಿ ಒಳಗೆ ಮೈನಸ್ಸೇ ಇರುತ್ತದೆ, ಆದರೆ ಹೆಚ್ಚಿನವಕ್ಕೆ ಇಷ್ಟು ಕರೆಂಟು ಕೊಡುವ ತಾಕತ್ತಿಲ್ಲ. ಹೊಸ ಅಡಾಪ್ಟರಿನ ವೈರನ್ನು ಪಿನ್ನಿನ ಹತ್ತಿರ ಕತ್ತರಿಸಿ, ಎರಡು ಎಳೆಗಳನ್ನು ಅದಲುಬದಲು ಮಾಡಿ ಬೆಸೆದು, ಮೇಲೆ ಶ್ರಿಂಕ್ ಟ್ಯೂಬ್ ಹಾಕಿ. ಆಮೇಲೆ ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಪಿನ್ನಿನ ಒಳಗೆ, ಕಪ್ಪನ್ನು ಹೊರಮೈಗೆ ಹಿಡಿಯಿರಿ. ಮೀಟರು ಮೈನಸ್ 9 ತೋರಿಸಿದರೆ ಸರಿ. ಮೈನಸ್ ಗುರುತು ಕಾಣದಿದ್ದರೆ ಮತ್ತೆ ಕತ್ತರಿಸಿ. ಮುಂದೆ ಎಂದಾದರೂ ಹಳೆಯ ಅಡಾಪ್ಟರೇ ಸಿಕ್ಕಿ, ಲೋಡ್ ಇಲ್ಲದಾಗ ಅದು 12 ದಾಟಿ ತೋರಿಸಿದರೆ ಗಾಬರಿಯಾಗಬೇಡಿ. ಅದು ರೆಗ್ಯುಲೇಟರ್ ಇಲ್ಲದ ಸಾದಾ ಟ್ರಾನ್ಸ್‌ಫಾರ್ಮರಿನ ಅಡಾಪ್ಟರ್, ಹಾಗೇ ಇರುತ್ತದೆ. ಆದರೂ ಅದನ್ನು ಬಳಸಿ ಎಂದು ನಾನು ಹೇಳುವುದಿಲ್ಲ. ಅಷ್ಟು ವರ್ಷದ ಇನ್ಸುಲೇಷನ್ ಮೇಲೆ, ಅದೂ ಮಲೆನಾಡಿನ ಥಂಡಿ ಕಂಡ ಇನ್ಸುಲೇಷನ್ ಮೇಲೆ, 230 ವೋಲ್ಟನ್ನು ನಂಬುವುದು ಬೇಡ.

ನಿಮ್ಮ ಕೈಗೆ ಸಿಕ್ಕಿರುವುದು ಏನು ಎಂಬುದನ್ನೂ ಮಗನಿಗೆ ಹೇಳಿ. ಬ್ರಿಟನ್ನಿನ ಸಿಂಕ್ಲೇರ್ ರಿಸರ್ಚ್ ಕಂಪನಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನು ಹೊರತಂದದ್ದು 1982ರ ಏಪ್ರಿಲ್ 23ರಂದು. ಅದೇ ತಿಂಗಳ 10ರಂದು ಇನ್ಸಾಟ್-1ಎ ಉಪಗ್ರಹ ಹಾರಿತ್ತು, ಅದನ್ನು ನಿಯಂತ್ರಿಸಲು ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಶುರುವಾಗಿತ್ತು. ಗಟ್ಟಿ ಕೀಲಿಗಳ 'ಸ್ಪೆಕ್ಟ್ರಮ್ ಪ್ಲಸ್' ಬಂದದ್ದು 1984ರಲ್ಲಿ. ಅದನ್ನೇ ಲೈಸೆನ್ಸ್ ಪಡೆದು ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಇಲ್ಲಿ 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಎಂದು ಮಾರಿತು. ಆಗ ಶಾಲೆಗಳಿಗೆ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ ಬಂದದ್ದು ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ; ಮನೆಗೆ ಬಂದದ್ದು, ಬಂದ ಕೆಲವೇ ಮನೆಗಳಿಗೆ, ಈ ಸ್ಪೆಕ್ಟ್ರಮ್. ಒಳಗಿರುವುದು 3.5 ಮೆಗಾಹರ್ಟ್ಸ್‌ನ ಝಡ್-80 ಪ್ರೊಸೆಸರ್, 48 ಕೆಬಿ ಮೆಮೊರಿ, 16 ಕೆಬಿ ರಾಮ್ (ROM, ಕರೆಂಟು ಹೋದರೂ ಅಳಿಯದ ಮೆಮೊರಿ) ಚಿಪ್ಪಿನಲ್ಲಿ ಬೇಸಿಕ್ ಭಾಷೆ, ಮತ್ತೆ ಯುಎಲ್‌ಎ ಎಂಬ 40 ಕಾಲಿನ ಒಂದು ಚಿಪ್ಪು. ಈ ಯುಎಲ್‌ಎಯದ್ದು ದೊಡ್ಡ ಕತೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಪೆಟ್ಟಿಗೆ ಬಿಚ್ಚಿ. ಅಡಿಯ ಸ್ಕ್ರೂ ತೆಗೆದ ಮೇಲೆ ಮೇಲ್ಭಾಗವನ್ನು ಸರ್ರನೆ ಎತ್ತಬೇಡಿ. ಕೀಬೋರ್ಡಿನಿಂದ ಬೋರ್ಡಿಗೆ ಎರಡು ತೆಳ್ಳನೆಯ ಪ್ಲಾಸ್ಟಿಕ್ ರಿಬ್ಬನ್ ಹೋಗಿರುತ್ತವೆ. ಇಷ್ಟು ವರ್ಷಕ್ಕೆ ಅವು ಒಣಗಿದ ಬಾಳೆಪಟ್ಟೆಯಂತಾಗಿರುತ್ತವೆ, ಎಳೆದರೆ ಸೀಳುತ್ತವೆ. ಸಾಕೆಟ್ಟಿನ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಳಿದರೂ ಲೋಕ ಮುಳುಗುವುದಿಲ್ಲ, ರಿಬ್ಬನ್ ಸಮೇತ ಕೀಲಿಗಳ ಅಡಿಯಲ್ಲಿರುವ ಮೆಂಬ್ರೇನ್ ಹಾಳೆಯನ್ನು ಈಗಲೂ ಹೊಸದಾಗಿ ತಯಾರಿಸಿ ಮಾರುತ್ತಾರೆ. ಒಳಗೆ ಹಲ್ಲಿ ಮೊಟ್ಟೆ, ಇರುವೆ ಗೂಡು, ಜೇಡನ ಬಲೆ ಇದ್ದರೆ ಬ್ರಶ್ಶಿನಿಂದ ತೆಗೆದು, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಹಿಂದುಗಡೆಯ ಅಂಚಿನ ಕನೆಕ್ಟರು ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಸಾಕು. ಸ್ಯಾಂಡ್‌ಪೇಪರ್ ಮುಟ್ಟಿಸಬೇಡಿ. ನಿಮ್ಮ ಭಾಗದ ಮಳೆಗೆ ಎಲ್ಲವೂ ತುಕ್ಕು ಹಿಡಿದಿರುತ್ತದೆ ಎಂದು ಹೆದರುವುದೂ ಬೇಡ. ಈ ಕಂಪ್ಯೂಟರಿನೊಳಗೆ ಬ್ಯಾಟರಿಯೇ ಇಲ್ಲ, ಹಾಗಾಗಿ ಹಳೆಯ ಯಂತ್ರಗಳನ್ನು ತಿನ್ನುವ ಬ್ಯಾಟರಿ ಸೋರಿಕೆಯೆಂಬ ರೋಗ ಇದಕ್ಕಿಲ್ಲ.

ಸ್ಪೆಕ್ಟ್ರಮ್ ರಿಪೇರಿಯಲ್ಲಿ ನಿಜವಾಗಿ ತಿಳಿದಿರಬೇಕಾದ್ದು ಒಂದೇ: ಮೈನಸ್ 5 ವೋಲ್ಟ್. ಬೋರ್ಡಿನ ಮೇಲೆ ಸಾಲಾಗಿ ಎಂಟು 4116 ಚಿಪ್ಪುಗಳಿರುತ್ತವೆ. ಅವು ಕೆಳಗಿನ 16 ಕೆಬಿ ಮೆಮೊರಿ. ಈ 4116ಕ್ಕೆ ಮೂರು ವೋಲ್ಟೇಜು ಬೇಕು: ಪ್ಲಸ್ 5, ಪ್ಲಸ್ 12, ಮೈನಸ್ 5. ಬರುವ 9 ವೋಲ್ಟಿನಿಂದ ಈ 12 ಮತ್ತು ಮೈನಸ್ 5 ಅನ್ನು ಹುಟ್ಟಿಸುವುದು ಬೋರ್ಡಿನ ಮೇಲಿನ ಒಂದು ಸಣ್ಣ ಕಾಯಿಲ್, ಅದರ ಜೊತೆಗಿರುವ ಎರಡು ಟ್ರಾನ್ಸಿಸ್ಟರುಗಳು. ಬೋರ್ಡಿನ ಮೇಲೆ ಅವಕ್ಕೆ ಟಿಆರ್4, ಟಿಆರ್5 ಎಂದು ಹೆಸರು ಬರೆದಿರುತ್ತದೆ. ಮೈನಸ್ 5 ಇಲ್ಲದೆ 12 ಮಾತ್ರ ಬಂದರೆ 4116 ಬಿಸಿಯೇರಿ ಸಾಯುತ್ತದೆ. ಸತ್ತ ಚಿಪ್ಪು ಒಳಗೇ ಶಾರ್ಟ್ ಆಗಿ ಮತ್ತೆ ಟ್ರಾನ್ಸಿಸ್ಟರನ್ನು ಸುಡುತ್ತದೆ. ಒಂದನ್ನು ಮಾತ್ರ ಬದಲಾಯಿಸಿದರೆ ಇನ್ನೊಂದು ಅದನ್ನೂ ಕೊಲ್ಲುತ್ತದೆ. ಟಿವಿ ರಿಪೇರಿಯವರು ಈ ಸುಳಿಯಲ್ಲಿ ಸಿಕ್ಕಿ "ಇದು ಆಗಲ್ಲ ಸಾರ್" ಎಂದು ಕೈಚೆಲ್ಲುವುದು ಇದಕ್ಕೇ.

ಅಳೆಯುವುದು ಹೀಗೆ. 7805 ರೆಗ್ಯುಲೇಟರಿನ ಲೋಹದ ಬೆನ್ನಿಗೆ ಮೀಟರಿನ ಕಪ್ಪು ಕ್ಲಿಪ್ ಹಾಕಿ, ಅದು ಗ್ರೌಂಡ್. ಚಿಪ್ಪಿನ ಕಚ್ಚು ಮೇಲೆ ಬರುವಂತೆ ನೋಡಿದರೆ ಎಡಗಡೆಯ ಮೊದಲ ಕಾಲು ಒಂದನೆಯದು. ಎಡಗಡೆ ಕೆಳಗಿಳಿದರೆ ಎಂಟು, ಬಲಗಡೆ ಕೆಳಗಿನಿಂದ ಹತ್ತಿದರೆ ಒಂಬತ್ತರಿಂದ ಹದಿನಾರು. ಒಂದನೇ ಕಾಲಿನಲ್ಲಿ ಮೈನಸ್ 5, ಎಂಟರಲ್ಲಿ ಪ್ಲಸ್ 12, ಒಂಬತ್ತರಲ್ಲಿ ಪ್ಲಸ್ 5 ಇರಬೇಕು. ಹದಿನಾರು ಗ್ರೌಂಡ್. ಕರೆಂಟು ಕೊಟ್ಟು, ಈ ಮೂರನ್ನು ನೋಡಿ, ತಕ್ಷಣ ತೆಗೆಯಿರಿ. ಮೀಟರಿನ ಕಡ್ಡಿ ಜಾರಿ ಎರಡು ಕಾಲು ಸೇರಿದರೆ ಅಲ್ಲಿಗೆ ಮುಗಿಯಿತು, ಆದ್ದರಿಂದ ಕಡ್ಡಿಯ ತುದಿ ಮಾತ್ರ ಬಿಟ್ಟು ಉಳಿದದ್ದಕ್ಕೆ ಟೇಪ್ ಸುತ್ತಿ. ಈ ಕೆಲಸ ಮಗನ ಕೈಗೆ ಕೊಡುವಾಗ ನೀವು ಪಕ್ಕದಲ್ಲಿರಿ. ಕರೆಂಟು ಕೊಡುವ ಮುಂಚೆಯೇ ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನೆಲ್ಲ ಬದಲಾಯಿಸುವುದು ಒಳ್ಳೆಯದು. ಅಳೆದು ನೋಡಿ ಕೆಟ್ಟದ್ದನ್ನು ಮಾತ್ರ ತೆಗೆಯೋಣ ಎನ್ನುವವರಿದ್ದಾರೆ. ಒಟ್ಟು ಖರ್ಚೇ ಅಷ್ಟಿಷ್ಟು ಇರುವಾಗ ಆ ಉಳಿತಾಯದಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಚಿಪ್ಪು ತೆಗೆಯಬೇಕಾಗಿ ಬಂದರೆ ಬೆಸುಗೆ ಕರಗಿಸಿ ಇಡೀ ಚಿಪ್ಪನ್ನು ಎಬ್ಬಿಸಲು ಹೋಗಬೇಡಿ. ಈ ಬೋರ್ಡಿನ ತಾಮ್ರದ ಗೆರೆಗಳು ಸುಲಭವಾಗಿ ಎದ್ದುಬರುತ್ತವೆ. ಚಿಪ್ಪಿನ ಕಾಲುಗಳನ್ನು ಕಟ್ಟರಿನಿಂದ ಕತ್ತರಿಸಿ, ಉಳಿದ ತುಂಡುಗಳನ್ನು 25 ವ್ಯಾಟಿನ ಐರನ್ ಹಿಡಿದು ಒಂದೊಂದಾಗಿ ತೆಗೆದು, ಅಲ್ಲಿ ಸಾಕೆಟ್ ಕೂರಿಸಿ. ಚಿಪ್ಪು ಹೇಗೂ ಸತ್ತಿದೆ, ಬದುಕಬೇಕಾದ್ದು ಬೋರ್ಡು.

ಎಲ್ಲ ಸರಿಯಿದ್ದರೆ ಪರದೆ ಮೊದಲು ಕಪ್ಪಾಗಿ, ಅದರ ಮೇಲೆ ಕೆಂಪು ಲಂಬ ಗೆರೆಗಳು ಒಂದು ಕ್ಷಣ ಮೂಡಿ, ಆಮೇಲೆ ಬೆಳ್ಳಗಾಗಿ ಕೆಳಗೆ 1982ರ ಸಿಂಕ್ಲೇರ್ ರಿಸರ್ಚ್ ಎಂಬ ಸಾಲು ಬರುತ್ತದೆ. ಆ ಕೆಂಪು ಗೆರೆಗಳು ಪ್ರೊಸೆಸರು ಮೆಮೊರಿಯ ಪ್ರತಿ ಬೈಟಿನಲ್ಲೂ 2 ಎಂಬ ಅಂಕಿ ಬರೆದು ಪರೀಕ್ಷೆ ಮಾಡುತ್ತಿರುವುದರ ಗುರುತು. ಬಣ್ಣಬಣ್ಣದ ಚೌಕಗಳು ಬಂದು ಹಾಗೇ ನಿಂತರೆ ಪ್ರೊಸೆಸರು ಓಡುತ್ತಿಲ್ಲ ಅಥವಾ ಮೆಮೊರಿ ಕೆಟ್ಟಿದೆ. ಕೀಬೋರ್ಡಿನಲ್ಲಿ ಎ, ಎಸ್, ಡಿ, ಎಫ್, ಜಿ ಐದೂ ಒಟ್ಟಿಗೆ ಸತ್ತಿದ್ದರೆ ಕೀಲಿಗಳ ತಪ್ಪಲ್ಲ. ಮೂಲ ಸ್ಪೆಕ್ಟ್ರಮ್‌ನ 40 ಕೀಲಿಗಳನ್ನು ಐದೈದರ ಎಂಟು ಗುಂಪು ಮಾಡಿದ್ದಾರೆ, ರಿಬ್ಬನ್ನಿನ ಒಂದು ಗೆರೆ ತುಂಡಾದರೆ ಒಂದು ಗುಂಪು ಹೋಗುತ್ತದೆ.

ಟಿವಿಯ ವಿಷಯ. ಇದು ಯುಎಚ್‌ಎಫ್ 36ನೇ ಚಾನಲ್ಲಿನಲ್ಲಿ ಟಿವಿಯ ಆಂಟೆನಾ ತೂತಿಗೆ ಚಿತ್ರ ಕಳಿಸುತ್ತದೆ. ಈ ಸಿಗ್ನಲ್ ಹುಟ್ಟಿಸುವ ಮಾಡ್ಯುಲೇಟರ್ ಡಬ್ಬಿಯೊಳಗಿನ ಸಂಪರ್ಕ ಬಿಡಿಸಿ, ವಿಡಿಯೊ ವೈರನ್ನು ನೇರ ಅದೇ ಡಬ್ಬಿಯ ಸಾಕೆಟ್ಟಿನ ನಡುಪಿನ್ನಿಗೆ ಬೆಸೆದರೆ ಟಿವಿಯ ಹಳದಿ ಎವಿ ತೂತಿಗೆ ಕೊಡಬಹುದು, ಚಿತ್ರವೂ ಚೊಕ್ಕ. ಬೇಕೆಂದಾಗ ಮೊದಲಿನಂತೆ ಬೆಸೆಯಲೂ ಬರುತ್ತದೆ. ಕೆಲವು ಎಲ್‌ಇಡಿ ಟಿವಿಗಳು ಇದರ 312 ಗೆರೆಗಳ, ಇಂಟರ್‌ಲೇಸ್ ಇಲ್ಲದ ಸಿಗ್ನಲ್ಲನ್ನು ಒಪ್ಪದೆ 'ಸಿಗ್ನಲ್ ಇಲ್ಲ' ಎನ್ನುತ್ತವೆ. ಗುಜರಿಯಲ್ಲಿ ಒಂದು 14 ಇಂಚಿನ ಹಳೆಯ ಡಬ್ಬಾ ಟಿವಿ ಹುಡುಕಿಟ್ಟುಕೊಳ್ಳಿ, ಅದು ಯಾವ ತಕರಾರೂ ಮಾಡುವುದಿಲ್ಲ.

ಇನ್ನು ರಾಸ್ಪ್‌ಬೆರಿ ಪೈ. ನಿಮ್ಮ ಪರಿಚಯದವರು ಹೇಳಿದ್ದು ಮಾಡಲು ಸುಲಭ, ಒಂದು ಮಧ್ಯಾಹ್ನದ ಕೆಲಸ. ಆದರೆ ಅದಕ್ಕೆ ಹಿಂದುಗಡೆ ಎಚ್‌ಡಿಎಂಐ, ಯುಎಸ್‌ಬಿ ತೂತು ಕೊರೆಯಬೇಕು, ಒಳಗಿನ ಗೂಟಗಳನ್ನು ಕೊಯ್ಯಬೇಕು. ಡಿಬಿ ಹೆಸರಿನ ಪೆಟ್ಟಿಗೆಯನ್ನು ಇನ್ನು ಯಾರೂ ತಯಾರಿಸುವುದಿಲ್ಲ. ಪೈ ಕೂರಿಸಿದ ಮೇಲೆ ಉಳಿಯುವುದು ಸ್ಪೆಕ್ಟ್ರಮ್ ವೇಷದ ಲಿನಕ್ಸ್. ಎಮ್ಯುಲೇಟರ್, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ಸಾಫ್ಟ್‌ವೇರ್, ಬೇಕಿದ್ದರೆ ನಿಮ್ಮ ಲ್ಯಾಪ್‌ಟಾಪಿಗೆ 'ಫ್ಯೂಸ್' ಹಾಕಿಕೊಳ್ಳಿ, ಪುಕ್ಕಟೆ. ಇದರ ರಾಮ್ ಫೈಲುಗಳನ್ನು ಎಮ್ಯುಲೇಟರಿನ ಜೊತೆ ಹಂಚಲು ಹಕ್ಕುದಾರರಾಗಿದ್ದ ಆಮ್‌ಸ್ಟ್ರಾಡ್ ಕಂಪನಿ 1999ರಲ್ಲೇ ಒಪ್ಪಿಗೆ ಕೊಟ್ಟಿದೆ. ಮಗ ಅದರಲ್ಲಿ ಬೇಸಿಕ್ ಅಭ್ಯಾಸ ಮಾಡುತ್ತಿರಲಿ, ಅಷ್ಟರಲ್ಲಿ ಬಿಡಿಭಾಗ ಬರುತ್ತವೆ. ನನ್ನ ಸಲಹೆ ಇಷ್ಟೇ: ಅಪ್ಪನ ಯಂತ್ರಕ್ಕೆ ರಿಪೇರಿ ಮಾತ್ರ, ಅದೂ ಹಿಂದಕ್ಕೆ ತಿರುಗಿಸಬಹುದಾದ ರಿಪೇರಿ. ಸುಧಾರಣೆ, ಪ್ರಯೋಗ, ಹುಚ್ಚಾಟ ಏನಿದ್ದರೂ ಮಗ ಕಟ್ಟುವ ಹೊಸ ಬೋರ್ಡಿನ ಮೇಲೆ ನಡೆಯಲಿ.

ಹೊಸ ಬೋರ್ಡು ಕಟ್ಟಲು ಸಾಧ್ಯವಾಗಿರುವುದು ಹೇಗೆ ಎಂದು ಹೇಳಲು ಯುಎಲ್‌ಎಗೆ ಬರಬೇಕು. ಝಡ್-80 ಅಂಗಡಿಯಲ್ಲಿ ಸಿಗುವ ಚಿಪ್ಪಾಗಿತ್ತು, ಮೆಮೊರಿಯೂ ಹಾಗೆಯೇ. ಯುಎಲ್‌ಎ ಮಾತ್ರ ಫೆರಾಂಟಿ ಕಂಪನಿ ಸಿಂಕ್ಲೇರ್‌ಗೆಂದೇ ಮಾಡಿಕೊಟ್ಟದ್ದು. ಚಿತ್ರ ಬಿಡಿಸುವುದು, ಕೀಲಿ ಓದುವುದು, ಕ್ಯಾಸೆಟ್ಟಿಗೆ ಬರೆಯುವುದು, ಓದುವುದು, ಸ್ಪೀಕರಿನಲ್ಲಿ ಬೀಪ್ ಎನ್ನಿಸುವುದು, ಸೆಕೆಂಡಿಗೆ 50 ಸಲ ಪ್ರೊಸೆಸರನ್ನು ತಟ್ಟಿ ಎಬ್ಬಿಸುವುದು, ಎಲ್ಲ ಅದರದೇ ಕೆಲಸ. ಅದು ಸತ್ತರೆ ಕಂಪ್ಯೂಟರೇ ಸತ್ತಂತೆ, ಒಳಗೇನಿದೆ ಎಂದು ಹೊರಗಿನವರಿಗೆ ಗೊತ್ತೂ ಇರಲಿಲ್ಲ. ಮುಂದೆ ಹವ್ಯಾಸಿ ಎಂಜಿನಿಯರುಗಳು ಅದರ ಮುಚ್ಚಳ ತೆಗೆಸಿ, ಸಿಲಿಕಾನಿನ ಚಿತ್ರ ತೆಗೆದು, ಗೇಟಿಗೆ ಗೇಟು ಓದಿ ನಕ್ಷೆ ಬಿಡಿಸಿದರು. ಆ ತಿಳಿವಳಿಕೆಯಿಂದ ಹುಟ್ಟಿದ್ದೇ 'ಹಾರ್ಲೆಕ್ವಿನ್' ಎಂಬ ಬೋರ್ಡು. ಅದರಲ್ಲಿ ಯುಎಲ್‌ಎ ಇಲ್ಲ. ಅದರ ಜಾಗದಲ್ಲಿ ನಮ್ಮ ಡಿಪ್ಲೊಮಾ ಹುಡುಗರು ಲ್ಯಾಬಿನಲ್ಲಿ ನೋಡುವ 74 ಸರಣಿಯ ಸಾಮಾನ್ಯ ಐಸಿಗಳು: ಕೌಂಟರು, ಲ್ಯಾಚು, ಶಿಫ್ಟ್ ರಿಜಿಸ್ಟರು. ಬೋರ್ಡಿನ ಅಳತೆ ಮೂಲದ್ದೇ ಆದ್ದರಿಂದ ಹೊಸದಾಗಿ ತಯಾರಾಗುವ ಸ್ಪೆಕ್ಟ್ರಮ್ ಪೆಟ್ಟಿಗೆಯಲ್ಲಿ ಕೂರುತ್ತದೆ.

ಮಗ ಇದನ್ನೇ ಕಟ್ಟಲಿ ಎಂದು ನಾನು ಹೇಳುವುದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಸ್ಪೆಕ್ಟ್ರಮ್‌ಗೆ ಪ್ರತ್ಯೇಕ ವಿಡಿಯೊ ಮೆಮೊರಿ ಇಲ್ಲ. ಕೆಳಗಿನ 16 ಕೆಬಿಯ ಮೊದಲ 6912 ಬೈಟುಗಳೇ ಪರದೆ: 6144 ಚುಕ್ಕಿಗಳಿಗೆ, 768 ಬಣ್ಣಕ್ಕೆ. ಚಿತ್ರ ಬಿಡಿಸುವ ಸರ್ಕ್ಯೂಟು ಆ ಮೆಮೊರಿಯನ್ನು ಓದುತ್ತಿರುವಾಗಲೇ ಪ್ರೊಸೆಸರಿಗೂ ಅದೇ ಮೆಮೊರಿ ಬೇಕಾದರೆ? ಟಿವಿ ಕಾಯುವುದಿಲ್ಲ, ಗೆರೆ ಹೊತ್ತಿಗೆ ಸರಿಯಾಗಿ ಬರಲೇಬೇಕು. ಆದ್ದರಿಂದ ಯುಎಲ್‌ಎ ಪ್ರೊಸೆಸರಿನ ಕ್ಲಾಕನ್ನೇ, ಅಂದರೆ ಅದನ್ನು ಓಡಿಸುವ ಮಿಡಿತವನ್ನೇ, ಹಿಡಿದು ನಿಲ್ಲಿಸುತ್ತದೆ, ತನ್ನ ಓದು ಮುಗಿದ ಮೇಲೆ ಬಿಡುತ್ತದೆ. ಪ್ರೊಸೆಸರಿಗೆ ತಾನು ನಿಂತಿದ್ದೆ ಎಂಬುದೇ ಗೊತ್ತಾಗುವುದಿಲ್ಲ. ಮೇಲಿನ 32 ಕೆಬಿಯಲ್ಲಿರುವ ಪ್ರೋಗ್ರಾಂ ಕೆಳಗಿನ 16 ಕೆಬಿಯಲ್ಲಿರುವುದಕ್ಕಿಂತ ಬೇಗ ಓಡುವುದು ಇದಕ್ಕೆ. ಮೂಲ ಯಂತ್ರದಲ್ಲಿ ಇದೆಲ್ಲ ಕಪ್ಪು ಚಿಪ್ಪಿನೊಳಗೆ ಮುಚ್ಚಿಹೋಗಿದೆ. 74 ಸರಣಿಯ ಬೋರ್ಡಿನಲ್ಲಿ ಆ ನಿರ್ಧಾರ ಮಾಡುವ ಗೇಟು ಕಣ್ಣೆದುರೇ ಇರುತ್ತದೆ. ಎಂಟು ಚಾನಲ್ಲಿನ, 24 ಮೆಗಾಹರ್ಟ್ಸ್‌ನ ಅಗ್ಗದ ಯುಎಸ್‌ಬಿ ಲಾಜಿಕ್ ಅನಲೈಜರ್ ಸಿಗುತ್ತದೆ. ಅದರ ಒಂದು ವೈರನ್ನು ಝಡ್-80ರ ಆರನೇ ಕಾಲಿಗೆ, ಅಂದರೆ ಕ್ಲಾಕಿಗೆ, ಸಿಕ್ಕಿಸಿ ನೋಡಿದರೆ ಸಮನಾಗಿ ಓಡುತ್ತಿರುವ ಹಲ್ಲುಗಳ ನಡುವೆ ಅಲ್ಲಲ್ಲಿ ಒಂದು ಹಲ್ಲು ಉದ್ದಕ್ಕೆ ಎಳೆದುಕೊಂಡು ನಿಂತಿರುವುದು ಕಾಣುತ್ತದೆ. ಕಂಪ್ಯೂಟರ್ ಆರ್ಕಿಟೆಕ್ಚರ್ ಎಂದು ಬಿಇ ಹುಡುಗರಿಗೆ ಒಂದು ಸೆಮಿಸ್ಟರ್ ಪೂರ್ತಿ ಬೋರ್ಡಿನ ಮೇಲೆ ಬರೆಯುವುದರಲ್ಲಿ ಅರ್ಧ ಈ ಒಂದು ಚಿತ್ರದಲ್ಲಿದೆ.

ಎಫ್‌ಪಿಜಿಎ, ಅಂದರೆ ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಬದಲಾಯಿಸಬಹುದಾದ ಚಿಪ್ಪು, ಆ ದಾರಿಯೂ ಇದೆ. ಡಿಇ10-ನ್ಯಾನೊ ಬೋರ್ಡಿನ ಮೇಲೆ ಓಡುವ 'ಮಿಸ್ಟರ್', ಸ್ಪೆಕ್ಟ್ರಮ್‌ನ ಮುಂದಿನ ಅವತಾರವೆಂದು ಬಂದ 'ಸ್ಪೆಕ್ಟ್ರಮ್ ನೆಕ್ಸ್ಟ್', ಎರಡೂ ಸೊಗಸಾದವು. ನೆಕ್ಸ್ಟ್ 28 ಮೆಗಾಹರ್ಟ್ಸ್‌ವರೆಗೆ ಓಡುತ್ತದೆ, ಎಚ್‌ಡಿಎಂಐ ಇದೆ, ಆಟವಾಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಅಲ್ಲಿ ಕಟ್ಟುವ ಕೆಲಸ ಬೇರೆಯವರು ಮಾಡಿ ಮುಗಿಸಿದ್ದಾರೆ. ಇನ್ನೊಂದು, ಇನ್ನೂ ಸರಳವಾದದ್ದು, 'ಆರ್‌ಸಿ2014' ಎಂಬ ಝಡ್-80 ಕಿಟ್. ಟಿವಿ ಇಲ್ಲ, ಕೀಬೋರ್ಡ್ ಇಲ್ಲ, ಲ್ಯಾಪ್‌ಟಾಪಿನ ಸೀರಿಯಲ್ ಕೇಬಲ್ ಮೂಲಕ ಬೇಸಿಕ್ ಓಡುತ್ತದೆ. ಮಗ ಐರನ್ ಹಿಡಿದೇ ಇಲ್ಲವೆಂದರೆ ಮೊದಲು ಇದನ್ನು ಕಟ್ಟಿಸಿ. ನೂರಾರು ಬೆಸುಗೆ ಹಾಕಿದ ಮೇಲೆ ಕೈ ಕೂರುತ್ತದೆ, ಆಮೇಲೆ ಹಾರ್ಲೆಕ್ವಿನ್ ಕಷ್ಟವೆನಿಸುವುದಿಲ್ಲ.

ಸಾಮಾನು ಎಲ್ಲಿ? ರೆಸಿಸ್ಟರು, ಕೆಪಾಸಿಟರು, ಐರನ್, ಸೀಸ ಹಾಸನ, ಚಿಕ್ಕಮಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತವೆ. 74 ಸರಣಿಯ ಐಸಿಗಳಿಗೆ, ಸಾಕೆಟ್ಟುಗಳಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕು. ಐಸಿಯ ನಂಬರಿನ ನಡುವಿನ ಅಕ್ಷರಗಳು ಅದರ ತಳಿ ಹೇಳುತ್ತವೆ. ಪಟ್ಟಿ ಬರೆದುಕೊಂಡು ಹೋಗಿ, 'ಎಲ್‌ಎಸ್' ಕೇಳಿದರೆ 'ಎಚ್‌ಸಿ' ಕೊಟ್ಟು "ಎಲ್ಲ ಒಂದೇ ಸಾರ್" ಎನ್ನುತ್ತಾರೆ. ಒಂದೇ ಅಲ್ಲ, ನಕ್ಷೆಯಲ್ಲಿ 'ಎಚ್‌ಸಿಟಿ' ಎಂದಿದ್ದರೆ ಅದೇ ಬೇಕು. ಖಾಲಿ ಬೋರ್ಡುಗಳನ್ನು ವಿದೇಶದಿಂದ ತರಿಸುವಾಗ ಕೊರಿಯರಿನವರು ಕೆವೈಸಿ ಕೇಳುತ್ತಾರೆ, ಕಸ್ಟಮ್ಸ್ ಸುಂಕವೂ ಸೇರುತ್ತದೆ. ಕೊನೆಗೆ ಚಿಪ್ಪುಗಳ ಬೆಲೆಗಿಂತ ಸಾಗಾಟವೇ ಜಾಸ್ತಿಯಾದರೆ ಆಶ್ಚರ್ಯಪಡಬೇಡಿ. ಫ್ಯಾಕ್ಟರಿಯಿಂದ ಮಾಡಿಸಿದರೆ ಸಾಮಾನ್ಯವಾಗಿ ಐದು ಬೋರ್ಡಿಗಿಂತ ಕಡಿಮೆ ಕೊಡುವುದಿಲ್ಲ, ಇನ್ನೂ ನಾಲ್ವರು ಆಸಕ್ತರನ್ನು ಜೊತೆ ಮಾಡಿಕೊಳ್ಳಿ. ಇಂಜಿನಿಯರಿಂಗ್ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲೂ ವಿಚಾರಿಸಿ. ಹಾಸನದಲ್ಲಿ ಮಲ್ನಾಡ್ ಕಾಲೇಜಿದೆ, ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ಇದೆ. ಎಲ್ಲೇ ಆಗಲಿ, ಮೈಕ್ರೊಪ್ರೊಸೆಸರ್ ಲ್ಯಾಬಿನಿಂದ 8085 ಕಿಟ್ಟುಗಳು ಹೊರಬಿದ್ದು ಹರಾಜಿಗೆ ಬಂದರೆ ಬಿಡಬೇಡಿ. ಅದರಲ್ಲಿ ಝಡ್-80 ಇರುವುದಿಲ್ಲ, ಆದರೆ ಸ್ಟ್ಯಾಟಿಕ್ ಮೆಮೊರಿ, ಅಳಿಸಿ ಬರೆಯುವ ಇಪ್ರಾಮ್, ಒಂದು ಹಿಡಿ 74 ಚಿಪ್ಪು ಸಿಗುತ್ತವೆ.

ಝಡ್-80ರ ಬಗ್ಗೆ ಎಚ್ಚರ. 1976ರಿಂದ ಬರುತ್ತಿದ್ದ ಈ ಪ್ರೊಸೆಸರಿನ ಬಿಡಿ ಚಿಪ್ಪನ್ನು ನಿಲ್ಲಿಸುವುದಾಗಿ ಝೈಲಾಗ್ ಕಂಪನಿ 2024ರ ಏಪ್ರಿಲ್‌ನಲ್ಲಿ ಹೇಳಿ, ಆ ಜೂನ್‌ವರೆಗೆ ಮಾತ್ರ ಕೊನೆಯ ಆರ್ಡರ್ ತೆಗೆದುಕೊಂಡಿತು. ದಾಸ್ತಾನು ಇನ್ನೂ ಇದೆ, ಅದರ ಜೊತೆ ನಕಲಿಯೂ ಇದೆ. ಬೇರೆ ಚಿಪ್ಪಿನ ಮೇಲ್ಮೈ ಉಜ್ಜಿ, ಕಪ್ಪು ಬಳಿದು, ಹೊಸ ಹೆಸರು ಮುದ್ರಿಸಿ ಮಾರುತ್ತಾರೆ. ಹತ್ತಿಗೆ ಅಸಿಟೋನ್ ಹಚ್ಚಿ ಉಜ್ಜಿದಾಗ ಕಪ್ಪು ಬಣ್ಣವೇ ಹತ್ತಿಗೆ ಬಂದರೆ ಅದು ಬಳಿದ ಚಿಪ್ಪು. ಎರಡು ತೆಗೆದಿಟ್ಟುಕೊಳ್ಳಿ, ಯಾವಾಗಲೂ ಸಾಕೆಟ್ಟಿನಲ್ಲೇ ಹಾಕಿ.

ಕ್ಯಾಸೆಟ್ಟುಗಳ ಬೂಷ್ಟನ್ನು ಒರೆಸದೆ ಯಾವ ಟೇಪ್‌ರೆಕಾರ್ಡರಿಗೂ ಹಾಕಬೇಡಿ, ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಒಣ ಬ್ರಶ್ಶಿನಲ್ಲಿ ಉಜ್ಜಿ, ಪೆನ್ಸಿಲ್ ತೂರಿಸಿ ಕೈಯಲ್ಲೇ ನಿಧಾನ ಸುತ್ತಿ, ಒಂದೇ ಸಲ ನುಡಿಸಿ, ಲ್ಯಾಪ್‌ಟಾಪಿನಲ್ಲಿ 44.1 ಕಿಲೋಹರ್ಟ್ಸ್ ಮೊನೊ ರೆಕಾರ್ಡ್ ಮಾಡಿಕೊಳ್ಳಿ. ಅಪ್ಪನೇ ಬರೆದ ಪ್ರೋಗ್ರಾಂ ಏನಾದರೂ ಅದರಲ್ಲಿದ್ದರೆ ಅದರ ಇನ್ನೊಂದು ಪ್ರತಿ ಎಲ್ಲೂ ಸಿಗುವುದಿಲ್ಲ. ಆಟಗಳು ಹೋದರೆ ಹೋಗಲಿ.

ಸುಧಾರಣೆಯಲ್ಲಿ ಮೊದಲಿಗೆ ಎಸ್‌ಡಿ ಕಾರ್ಡ್. 'ಡಿವ್‌ಎಂಎಂಸಿ' ಎಂಬ ಜೋಡಣೆ ಹಿಂದುಗಡೆಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಪೆಟ್ಟಿಗೆಗೆ ಒಂದು ಗೀರೂ ಬೀಳುವುದಿಲ್ಲ. ಹಾಗಾಗಿ ಅಪ್ಪನ ಯಂತ್ರಕ್ಕೂ ಇದನ್ನು ಧಾರಾಳವಾಗಿ ಹಾಕಬಹುದು. ಹಾಕುವಾಗ, ತೆಗೆಯುವಾಗ ಕರೆಂಟು ಆಫ್ ಇರಲೇಬೇಕು. ಕ್ಯಾಸೆಟ್ಟಿನಲ್ಲಿ ಒಂದು ಬಿಟ್ ಓದಲು ಅದು ಸೊನ್ನೆಯಾದರೆ ಸುಮಾರು 0.49 ಮಿಲಿಸೆಕೆಂಡ್, ಒಂದಾದರೆ ಅದರ ಎರಡರಷ್ಟು ಹೊತ್ತು ಬೇಕು. 48 ಕೆಬಿ ಪೂರ್ತಿ ತುಂಬಲು ಐದು ನಿಮಿಷದ ಹತ್ತಿರ. ಎಸ್‌ಡಿ ಕಾರ್ಡಿನಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಎವೈ-3-8912 ಸಂಗೀತ ಚಿಪ್ಪನ್ನೂ ಹೀಗೇ ಹೊರಗಿನಿಂದ ಸೇರಿಸಬಹುದು. 7805ರ ಬದಲು ಸ್ವಿಚಿಂಗ್ ರೆಗ್ಯುಲೇಟರ್ ಹಾಕಿದರೆ ಪೆಟ್ಟಿಗೆ ಬಿಸಿಯಾಗುವುದು ತುಂಬ ಕಡಿಮೆಯಾಗುತ್ತದೆ.

ಆದರೆ ಇಲ್ಲಿಯವರೇ ಮಾಡಬೇಕಾದ ಸುಧಾರಣೆಯೆಂದರೆ ಕನ್ನಡ ಅಕ್ಷರ. ಮೂಲ ರಾಮ್‌ನ ಕೊನೆಯ 768 ಬೈಟುಗಳಲ್ಲಿ 96 ಅಕ್ಷರಗಳ ಆಕಾರವಿದೆ, ಒಂದಕ್ಕೆ ಎಂಟು ಬೈಟಿನಂತೆ ಎಂಟಕ್ಕೆಂಟು ಚುಕ್ಕಿ. ಬಳಕೆದಾರರೇ ಬಿಡಿಸಿಕೊಳ್ಳಲೆಂದು 65368ನೇ ವಿಳಾಸದಿಂದ ಇನ್ನೂ 21 ಆಕಾರಗಳಿಗೆ ಜಾಗ ಬಿಟ್ಟಿದ್ದಾರೆ. 'ಠ' ಬಿಡಿಸಿ ನೋಡಿ: 60, 66, 129, 153, 153, 129, 66, 60 ಎಂಬ ಎಂಟು ಅಂಕಿ ಬರೆದರೆ ಉರುಟು ಬಂತು, ನಡುವಿನ ಚುಕ್ಕಿಯೂ ಬಂತು, ಆದರೆ ಎಂಟು ಸಾಲೂ ಮುಗಿದವು. ತಲೆಕಟ್ಟಿಗೆ ಸಾಲೇ ಉಳಿಯಲಿಲ್ಲ, ಒತ್ತಕ್ಷರದ ಮಾತಂತೂ ಬೇಡ. ಆದ್ದರಿಂದ ಒಂದು ಅಕ್ಷರಕ್ಕೆ 16 ಚುಕ್ಕಿ ಅಗಲ, 24 ಚುಕ್ಕಿ ಎತ್ತರ ಇಟ್ಟುಕೊಳ್ಳಬೇಕು: 16 ಸಾಲು ಅಕ್ಷರಕ್ಕೆ, ಕೆಳಗಿನ ಎಂಟು ಒತ್ತಿಗೆ. 256 ಅಗಲ, 192 ಎತ್ತರದ ಪರದೆಯಲ್ಲಿ ಹೀಗೆ ಸಾಲಿಗೆ 16 ಅಕ್ಷರದಂತೆ ಎಂಟು ಸಾಲು ಹಿಡಿಯುತ್ತದೆ. 'ಚಿಕ್ಕಮಗಳೂರು' ಒಂದು ಸಾಲಿನಲ್ಲಿ ಆರಾಮವಾಗಿ ಕೂರುತ್ತದೆ.

ಪ್ರತಿ ಗುಣಿತಾಕ್ಷರವನ್ನೂ ಬೇರೆ ಬೇರೆ ಬಿಡಿಸಲು ಹೋದರೆ ಮೆಮೊರಿ ಸಾಲದು. ಅಕ್ಷರದ ಮೈ, ಗುಡಿಸು, ಕೊಂಬು, ಒತ್ತು ಇವನ್ನು ಬಿಡಿಬಿಡಿಯಾಗಿ ಇಟ್ಟುಕೊಂಡು ಒಂದರ ಮೇಲೊಂದು ಬರೆಯುವ ಸಣ್ಣ ಮಶೀನ್ ಕೋಡ್ ಬೇಕು. ಅದನ್ನು ಮೊದಲು ಎಮ್ಯುಲೇಟರಿನಲ್ಲಿ ಬರೆದು, ಮೇಲಿನ 32 ಕೆಬಿಯಲ್ಲಿ ಇಟ್ಟು ಓಡಿಸಿ, ಕಾರಣ ಆಗಲೇ ಹೇಳಿದ್ದೇನೆ. ಸರಿಬಂದ ಮೇಲೆ 27ಸಿ256 ಇಪ್ರಾಮ್ ತೆಗೆದುಕೊಳ್ಳಿ. ಅದು 32 ಕೆಬಿ, ಅಂದರೆ 16 ಕೆಬಿಯ ಎರಡು ರಾಮ್ ಒಂದೇ ಚಿಪ್ಪಿನಲ್ಲಿ. ಒಂದು ಅರ್ಧದಲ್ಲಿ ಮೂಲ ಬೇಸಿಕ್, ಇನ್ನೊಂದರಲ್ಲಿ ಕನ್ನಡ ಸೇರಿಸಿದ ಬೇಸಿಕ್. ಅದರ ಕೊನೆಯ ವಿಳಾಸದ ಕಾಲಿಗೆ ಒಂದು ಸಣ್ಣ ಸ್ವಿಚ್ ಹಾಕಿದರೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಸ್ವಿಚ್ಚಿಗೆ ತೂತು ಕೊರೆಯುವುದು ಮಗನ ಪೆಟ್ಟಿಗೆಯಲ್ಲಿ, ಅಪ್ಪನದರಲ್ಲಿ ಅಲ್ಲ.

ನಿಮ್ಮ ಕಡೆಯ ಹವೆಗೆ ಇನ್ನೆರಡು ಮಾತು. ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಬರುವ ಲಕ್ಷಣ ಕಂಡರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಅಡಾಪ್ಟರ್ ಮತ್ತು ಟಿವಿ ಕೇಬಲ್ ಎರಡನ್ನೂ ಕಿತ್ತಿಡಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಳಸದಿದ್ದಾಗ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ. ಸೀಸದ ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ, ಮುಗಿದ ಮೇಲೆ ಮಗ ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಲಿ. ಮೈನಸ್ 5 ಅಳೆದ ಮೇಲೆ ಮೂರು ಕಾಲುಗಳಲ್ಲಿ ಬಂದ ವೋಲ್ಟೇಜು, ಪರದೆಯ ಒಂದು ಫೋಟೊ ಕಳಿಸಿ. ಯಾವ ಚಿಪ್ಪು ಕೊಳ್ಳಬೇಕು, ಕೊಳ್ಳಬೇಕೋ ಬೇಡವೋ ಎಂದು ಅದನ್ನು ನೋಡಿ ಹೇಳುತ್ತೇನೆ.